ಜಪಾನಿನ ಶಾಲೆಯಲ್ಲಿ 4ನೇ ತರಗತಿವರೆಗೆ ಪರೀಕ್ಷೆಯೇ ಇಲ್ಲವೇ? ಆ ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಬಿಟ್ಟುಹೋದದ್ದೆಷ್ಟು

ನಿಮ್ಮ ಗ್ರೂಪಿಗೂ ಇದು ಬಂದಿರುತ್ತದೆ. ಪುಟಾಣಿ ಮಕ್ಕಳು ಸಾಲಾಗಿ ಬಗ್ಗಿ, ಒದ್ದೆ ಬಟ್ಟೆ ಹಿಡಿದು ಶಾಲೆಯ ಕಾರಿಡಾರ್ ಒರೆಸುತ್ತಾ ಓಡುವ ವಿಡಿಯೊ. ಕೆಳಗೊಂದು ಉದ್ದದ ಬರಹ: ಜಪಾನಿನಲ್ಲಿ ಮೊದಲ ಮೂರು ವರ್ಷ ಪರೀಕ್ಷೆಯೇ ಇಲ್ಲ, ಅಲ್ಲಿ ಮೊದಲು ಸಂಸ್ಕಾರ ಆಮೇಲೆ ಪಾಠ, ಶಾಲೆಗಳಲ್ಲಿ ಕಸ ಗುಡಿಸುವ ಸಿಬ್ಬಂದಿಯೇ ಇಲ್ಲ, ಅದಕ್ಕೇ ಆ ದೇಶ ಹಾಗಿದೆ, ನಾವು ಹೀಗಿದ್ದೇವೆ. ಕೊನೆಯಲ್ಲಿ ಕೈಮುಗಿದ ಎಮೋಜಿ.

ನನಗೆ ಇದನ್ನು ಈ ವರ್ಷ ಮೂರನೇ ಸಲ ಕಳಿಸಿದ್ದು ನನ್ನ ಸೋದರಮಾವ. ಅವರು ನಿವೃತ್ತ ಮೇಷ್ಟ್ರು. "ನಿನ್ನ ವೆಬ್‌ಸೈಟಿನಲ್ಲಿ ಬರೀ ಸುಳ್ಳು ಸುದ್ದಿ ಹಿಡಿಯೋದೇ ಆಯ್ತು, ಇಂಥ ಒಳ್ಳೇದನ್ನೂ ಹಾಕು" ಎಂದು ಜೊತೆಗೊಂದು ವಾಯ್ಸ್ ಮೆಸೇಜ್. ಹಾಗಾಗಿ ಹಾಕುತ್ತಿದ್ದೇನೆ. ಇದು ಪೂರ್ತಿ ಸುಳ್ಳಲ್ಲ. ನಿಜದ ಒಂದು ಭಾಗವನ್ನಷ್ಟೇ ಕತ್ತರಿಸಿ ಅಂಟಿಸಿರುವುದು ಇದರ ತೊಂದರೆ.

ಪರೀಕ್ಷೆಯ ವಿಷಯ

ಮೊದಲು ಸುಲಭವಾಗಿ ಪರಿಶೀಲಿಸಬಹುದಾದದ್ದು. ಜಪಾನಿನ ಪ್ರಾಥಮಿಕ ಶಾಲೆಯಲ್ಲಿ 1ನೇ ತರಗತಿಯಿಂದಲೇ ಪರೀಕ್ಷೆಗಳಿವೆ. ಒಂದೊಂದು ಪಾಠ ಮುಗಿದಾಗಲೂ ಗಣಿತ, ಜಪಾನಿ ಭಾಷೆಯ ಸಣ್ಣ ಟೆಸ್ಟ್ ಇರುತ್ತದೆ. ಬಣ್ಣದಲ್ಲಿ ಅಚ್ಚಾದ ಪ್ರಶ್ನೆಪತ್ರಿಕೆ, 100ಕ್ಕೆ ಅಂಕ, ಮನೆಗೆ ತಂದು ತೋರಿಸಬೇಕು. ಕಾಂಜಿ ಅಕ್ಷರ ಬರೆಸುವ ಟೆಸ್ಟ್‌ಗಳಂತೂ ಲೆಕ್ಕವಿಲ್ಲದಷ್ಟು. ಅವಧಿಯ ಕೊನೆಗೆ ಪ್ರಗತಿ ಪತ್ರವೂ ಬರುತ್ತದೆ.

ಹಾಗಾದರೆ "ಮೂರು ವರ್ಷ ಪರೀಕ್ಷೆ ಇಲ್ಲ" ಎಂಬ ಮಾತು ಎಲ್ಲಿಂದ ಬಂತು? ನನ್ನ ಊಹೆ ಹೀಗಿದೆ. ಶಾಲೆ ಇಡುವ ಅಧಿಕೃತ ದಾಖಲೆಯಲ್ಲಿ ಪ್ರತಿ ವಿಷಯಕ್ಕೂ 3, 2, 1 ಎಂದು ಶ್ರೇಣಿ ಕೊಡುವುದು 3ನೇ ತರಗತಿಯಿಂದ. ಮೊದಲೆರಡು ವರ್ಷ ಆ ಶ್ರೇಣಿ ಇಲ್ಲ. ಆ ಎರಡು ವರ್ಷ ವಿಜ್ಞಾನ, ಸಮಾಜ ಎಂಬ ವಿಷಯಗಳೂ ಇಲ್ಲ. ಅವುಗಳ ಬದಲಿಗೆ ಗಿಡ ನೆಡುವುದು, ಹುಳ ಸಾಕುವುದು, ಅಂಗಡಿ ಬೀದಿ ನೋಡಿ ಬರುವುದು, ಹೀಗೆ 'ಸೆಯ್ಕಾತ್ಸು', ಅಂದರೆ 'ಬದುಕು' ಎಂಬ ವಿಷಯವಿದೆ. ಇದು ಶಾಲೆಗಳಿಗೆ ಬಂದದ್ದು 1992ರಲ್ಲಿ. ಇದರ ಜೊತೆಗೆ ಫೇಲ್ ಮಾಡಿ ಅದೇ ತರಗತಿಯಲ್ಲಿ ಕೂರಿಸುವ ರೂಢಿಯೂ ಇಲ್ಲ. ಈ ಮೂರು ಸಂಗತಿಗಳೂ ಕೈಯಿಂದ ಕೈಗೆ ದಾಟುತ್ತಾ "ಪರೀಕ್ಷೆಯೇ ಇಲ್ಲ" ಎಂದಾಗಿರಬೇಕು.

ಫಾರ್ವರ್ಡ್ ಹೇಳದಿರುವುದು ಮುಂದಿನ ಕತೆ. ಕಡ್ಡಾಯ ಶಿಕ್ಷಣ 9ನೇ ತರಗತಿಗೆ ಮುಗಿಯುತ್ತದೆ. ಹೈಸ್ಕೂಲಿಗೆ ಸೇರಲು 15ನೇ ವಯಸ್ಸಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಅದಕ್ಕಾಗಿ 'ಜುಕು' ಎಂಬ ಟ್ಯೂಷನ್ ಕೇಂದ್ರಗಳು ಬೀದಿ ಬೀದಿಯಲ್ಲಿವೆ. ಶಾಲೆ ಮುಗಿಸಿ ರಾತ್ರಿಯವರೆಗೆ ಅಲ್ಲಿ ಕೂರುವ ಮಕ್ಕಳನ್ನು ನೋಡಿದರೆ ನಮ್ಮ ಸಿಇಟಿ, ನೀಟ್ ಕೋಚಿಂಗ್ ನೆನಪಾಗುತ್ತದೆ.

ಪೊರಕೆ, ಒರೆಸುವ ಬಟ್ಟೆ, ಊಟದ ಪಾತ್ರೆ

ಮಕ್ಕಳು ಶಾಲೆ ಗುಡಿಸುವುದು ನಿಜ. ಹೆಚ್ಚಿನ ಶಾಲೆಗಳಲ್ಲಿ ದಿನಕ್ಕೆ 15-20 ನಿಮಿಷ. ಆದರೆ "ಸಿಬ್ಬಂದಿಯೇ ಇಲ್ಲ" ಎಂಬುದು ನಿಜವಲ್ಲ. 'ಯೋಮುಇನ್' ಎಂಬ ಹುದ್ದೆಯ ಕೆಲಸಗಾರರಿರುತ್ತಾರೆ. ರಿಪೇರಿ, ಅಂಗಳ, ಮಕ್ಕಳ ಕೈಗೆಟುಕದ ಸ್ವಚ್ಛತೆ ಅವರದು.

ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಜಪಾನಿ ಮಾತು ತಿಳಿದಿರಬೇಕು: 'ತೊಕ್ಕಾತ್ಸು'. ವಿಶೇಷ ಚಟುವಟಿಕೆಗಳು ಎಂದರ್ಥ. ಪಠ್ಯಕ್ರಮದಲ್ಲಿ ಗಣಿತಕ್ಕೆ ಸ್ಥಾನವಿರುವಂತೆ ಇದಕ್ಕೂ ಸ್ಥಾನವಿದೆ. ತರಗತಿಯ ಸಭೆ ನಡೆಸುವುದು, ಮಕ್ಕಳ ಸಮಿತಿ, ಕ್ರೀಡಾದಿನ, ಪ್ರವಾಸ ಇದರೊಳಗೆ ಬರುತ್ತವೆ. ಗುಡಿಸುವುದು, ಊಟ ಬಡಿಸುವುದು ಇದರ ಜೊತೆಗೇ ಹೆಣೆದುಕೊಂಡಿವೆ. ದಿನದ ಮುಂದಾಳು ಯಾರು ಎಂಬುದು ಸರದಿಯಲ್ಲಿ ಬದಲಾಗುತ್ತದೆ. ಜಾಣರಿಗೆ ಮಾತ್ರ ಮಾನಿಟರ್ ಪಟ್ಟ ಎಂಬುದಿಲ್ಲ. ನಾನು ಓದಿದ ಶಾಲೆಯಲ್ಲಿ ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವುದೇ ಮಾನಿಟರ್ ಕೆಲಸವಾಗಿತ್ತು, ಆ ಪಟ್ಟ ನನಗೆ ಒಮ್ಮೆಯೂ ಸಿಗಲಿಲ್ಲ, ಅದಿರಲಿ.

ಊಟದ ವ್ಯವಸ್ಥೆ ನನಗೆ ಗುಡಿಸುವುದಕ್ಕಿಂತ ಮುಖ್ಯ ಅನಿಸುತ್ತದೆ. 1954ರ ಶಾಲಾ ಊಟದ ಕಾಯ್ದೆಯಿಂದ ಬೆಳೆದುಬಂದ 'ಕ್ಯೂಶೊಕು' ಎಂಬ ಮಧ್ಯಾಹ್ನದ ಊಟವನ್ನು ಅಡುಗೆಮನೆಯಿಂದ ತರಗತಿಗೆ ತಂದು, ಬಿಳಿ ಏಪ್ರನ್, ಟೋಪಿ, ಮಾಸ್ಕ್ ಹಾಕಿದ ಮಕ್ಕಳೇ ಬಡಿಸುತ್ತಾರೆ. ಎಲ್ಲರಿಗೂ ಒಂದೇ ಊಟ. ಶಿಕ್ಷಕರೂ ಅದೇ ಕೋಣೆಯಲ್ಲಿ ಅದನ್ನೇ ಉಣ್ಣುತ್ತಾರೆ. ಹಂಚಿಕೊಳ್ಳುವುದು ಒಳ್ಳೆಯದು ಎಂದು ಯಾರೂ ಭಾಷಣ ಮಾಡುವುದಿಲ್ಲ. ಕೊನೆಯವನಿಗೂ ಸಾರು ಉಳಿಯುವಂತೆ ಅಳೆದು ಬಡಿಸಲು ಏಳು ವರ್ಷದ ಮಗು ಅಲ್ಲೇ ಕಲಿಯುತ್ತದೆ.

ಈ ಪದ್ಧತಿಯನ್ನು ಈಜಿಪ್ಟ್ ಕೂಡ ತೆಗೆದುಕೊಂಡಿದೆ. 2016ರ ಒಪ್ಪಂದದ ನಂತರ 2018ರಲ್ಲಿ ಅಲ್ಲಿ 'ಈಜಿಪ್ಟ್-ಜಪಾನ್ ಶಾಲೆಗಳು' ಶುರುವಾದವು. ಅವುಗಳ ತಿರುಳೇ ತೊಕ್ಕಾತ್ಸು.

'ನೀತಿ ಪಾಠ' ಎಂಬ ವಿಷಯದ ಹಳೆಯ ಗಾಯ

ಇನ್ನು "ಅಲ್ಲಿ ಸಂಸ್ಕಾರವೇ ಮೊದಲ ಪಾಠ" ಎಂಬ ಸಾಲು. ಇದಕ್ಕೆ ಜಪಾನಿನಲ್ಲೇ ದೊಡ್ಡ ಜಗಳದ ಇತಿಹಾಸವಿದೆ, ಫಾರ್ವರ್ಡ್ ಮಾಡುವವರು ಅದನ್ನು ತಿಳಿದರೆ ಒಳ್ಳೆಯದು.

ಎರಡನೇ ಮಹಾಯುದ್ಧಕ್ಕೆ ಮೊದಲು ಅಲ್ಲಿ 'ಶೂಶಿನ್' ಎಂಬ ನೀತಿಪಾಠವಿತ್ತು. 1890ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಹೊರಟ ಶಿಕ್ಷಣ ಆಜ್ಞೆಯೇ ಅದರ ಬುನಾದಿ. ತಂದೆತಾಯಿಗೆ ವಿಧೇಯತೆ, ಸ್ನೇಹಿತರಲ್ಲಿ ನಂಬಿಕೆ ಎಂಬ ಒಳ್ಳೆಯ ಮಾತುಗಳೆಲ್ಲ ಅದರಲ್ಲಿದ್ದವು. ಜೊತೆಗೆ, ಅಗತ್ಯ ಬಿದ್ದರೆ ಸಿಂಹಾಸನಕ್ಕಾಗಿ ಪ್ರಾಣ ಒಪ್ಪಿಸಬೇಕು ಎಂಬುದೂ ಇತ್ತು. ಒಂದು ತಲೆಮಾರು ಅದನ್ನು ಬಾಯಿಪಾಠ ಮಾಡಿ ಯುದ್ಧಕ್ಕೆ ಹೋಯಿತು. ಸೋತ ಮೇಲೆ, 1945ರ ಡಿಸೆಂಬರ್ 31ರಂದು, ಮಿತ್ರಪಡೆಗಳ ಆಡಳಿತ ಆ ಪಾಠವನ್ನು ನಿಲ್ಲಿಸಿತು.

1958ರಲ್ಲಿ ಸರ್ಕಾರ 'ದೋತೊಕು', ಅಂದರೆ ನೈತಿಕ ಶಿಕ್ಷಣ ಎಂಬ ಹೆಸರಿನಲ್ಲಿ ವಾರಕ್ಕೊಂದು ಅವಧಿಯನ್ನು ಮರಳಿ ತಂದಾಗ ಶಿಕ್ಷಕರ ಸಂಘವೇ ವಿರೋಧಿಸಿತು. ಮತ್ತೆ ಹಳೆಯದು ಬರುತ್ತದೆಂಬ ಭಯ ಅವರಿಗೆ. ಹಾಗಾಗಿ ಅರವತ್ತು ವರ್ಷ ಅದು ಅರ್ಧ ಜೀವದಲ್ಲಿತ್ತು. ಅದು ಪೂರ್ಣ ವಿಷಯವಲ್ಲ, ಸರ್ಕಾರ ಪರಿಶೀಲಿಸಿದ ಪಠ್ಯಪುಸ್ತಕವಿಲ್ಲ, ಮೌಲ್ಯಮಾಪನವಿಲ್ಲ. ಎಷ್ಟೋ ಶಾಲೆಗಳಲ್ಲಿ ಆ ಅವಧಿ ಕ್ರೀಡಾದಿನದ ತಾಲೀಮಿಗೆ ಹೋಗುತ್ತಿತ್ತು. ನಮ್ಮಲ್ಲಿ ನೀತಿಪಾಠದ ಅವಧಿಯನ್ನು ಗಣಿತದ ಮೇಷ್ಟ್ರು ತೆಗೆದುಕೊಳ್ಳುತ್ತಿದ್ದರಲ್ಲ, ಹಾಗೆಯೇ.

ಅದನ್ನು ಬದಲಿಸಿದ್ದು ಒಂದು ಸಾವು. 2011ರ ಅಕ್ಟೋಬರ್‌ನಲ್ಲಿ ಒತ್ಸು ನಗರದಲ್ಲಿ 13 ವರ್ಷದ ಹುಡುಗನೊಬ್ಬ ಸಹಪಾಠಿಗಳ ಕಿರುಕುಳ ತಾಳದೆ ಪ್ರಾಣ ಕಳೆದುಕೊಂಡ. ಶಾಲೆ ಮತ್ತು ಅಧಿಕಾರಿಗಳು ವಿಷಯವನ್ನು ತೇಲಿಸಿಬಿಟ್ಟರೆಂದು 2012ರಲ್ಲಿ ದೇಶವೇ ಸಿಟ್ಟಿಗೆದ್ದಿತು. 2013ರಲ್ಲಿ ಕಿರುಕುಳ ತಡೆ ಕಾಯ್ದೆ ಬಂತು. ಜೊತೆಗೆ, ಮಕ್ಕಳಿಗೆ ನೀತಿ ಹೇಳಿಕೊಡುವುದು ಸಾಲದಾಗಿದೆ ಎಂಬ ವಾದವೂ ಬಂತು. ಹೀಗೆ ದೋತೊಕು ಪ್ರಾಥಮಿಕ ಶಾಲೆಗಳಲ್ಲಿ 2018ರಿಂದ, ಮುಂದಿನ ಮೂರು ತರಗತಿಗಳಲ್ಲಿ 2019ರಿಂದ 'ವಿಶೇಷ ವಿಷಯ'ವಾಯಿತು. ವರ್ಷಕ್ಕೆ 35 ಅವಧಿ. ಪಠ್ಯಪುಸ್ತಕ ಬಂತು.

ಇಲ್ಲಿ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಆ ಹುಡುಗನ ಶಾಲೆಯೇ ಕೆಲವೇ ವರ್ಷ ಮೊದಲು ನೈತಿಕ ಶಿಕ್ಷಣದ ಪ್ರಯೋಗಕ್ಕೆಂದು ಸಚಿವಾಲಯ ಆರಿಸಿದ್ದ ಶಾಲೆಯಾಗಿತ್ತು. ಪಾಠ ಅಲ್ಲಿತ್ತು. ದೂರು ಬಂದಾಗ ಕೇಳುವ ಕಿವಿ ಇರಲಿಲ್ಲ.

ಆ ಅವಧಿಯಲ್ಲಿ ಏನು ಕಲಿಸುತ್ತಾರೆ?

ಹೆಚ್ಚಾಗಿ ಕತೆ ಓದಿ ಚರ್ಚೆ. 1ನೇ ತರಗತಿಯಲ್ಲಿ ಬಹಳ ಕಡೆ ಓದಿಸುವ ಒಂದು ಕತೆ: ಕಿರಿದಾದ ಸೇತುವೆಯ ಮೇಲೆ ನಿಂತ ತೋಳ ಎದುರು ಬರುವ ಮೊಲವನ್ನು ಗದರಿಸಿ ಹಿಂದಕ್ಕೆ ಕಳಿಸುತ್ತದೆ. ಒಂದು ದಿನ ಎದುರಿಗೆ ಕರಡಿ ಬರುತ್ತದೆ. ತೋಳ ಹೆದರಿ ತಾನೇ ಹಿಂದೆ ಸರಿಯಲು ಹೊರಟರೆ ಕರಡಿ ಅದನ್ನು ಎತ್ತಿ ಮೆಲ್ಲಗೆ ಆಚೆ ಬದಿಗೆ ಇಳಿಸುತ್ತದೆ. ಮರುದಿನ ತೋಳ ಮೊಲಕ್ಕೆ ಅದೇ ರೀತಿ ಮಾಡುತ್ತದೆ. ಮಕ್ಕಳು ತೋಳ, ಮೊಲವಾಗಿ ಆಡಿಯೂ ನೋಡುತ್ತಾರೆ. ಇದರಲ್ಲಿ ತಪ್ಪು ಹುಡುಕುವುದು ಕಷ್ಟ.

ಎಲ್ಲ ಕತೆಗಳೂ ಇಷ್ಟು ಸರಳವಲ್ಲ. ಮೇಲಿನ ತರಗತಿಗೆ ಬೇಸ್‌ಬಾಲ್ ಆಡುವ ಹುಡುಗನ ಕತೆಯೊಂದಿತ್ತು. ಚೆಂಡನ್ನು ಸುಮ್ಮನೆ ಮುಟ್ಟಿಸಿ ಪಕ್ಕದವನಿಗೆ ಓಡಲು ಅವಕಾಶ ಕೊಡು ಎಂದು ಕೋಚ್ ಸನ್ನೆ ಮಾಡುತ್ತಾನೆ. ಹುಡುಗ ಬೀಸಿ ಹೊಡೆಯುತ್ತಾನೆ, ತಂಡ ಗೆಲ್ಲುತ್ತದೆ. ಮರುದಿನ ಕೋಚ್ ಅವನಿಗೆ ಶಿಕ್ಷೆ ಕೊಡುತ್ತಾನೆ, ಗೆದ್ದರೂ ಮಾತು ಮೀರಿದ್ದು ತಪ್ಪು ಎಂದು. ಈ ಪಾಠ ಪೂರ್ಣ ವಿಷಯವಾದ 2018ರ ಮೇ ತಿಂಗಳಿನಲ್ಲೇ ಅಲ್ಲಿನ ಒಂದು ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರ ಎದುರಾಳಿಯನ್ನು ಹಿಂದಿನಿಂದ ಡಿಕ್ಕಿ ಹೊಡೆದು ಗಾಯಗೊಳಿಸಿದ. ತರಬೇತುದಾರರ ಸೂಚನೆಯಂತೆ ಹಾಗೆ ಮಾಡಿದೆ ಎಂದು ಆಮೇಲೆ ಕ್ಯಾಮೆರಾಗಳ ಮುಂದೆ ತಲೆತಗ್ಗಿಸಿ ಹೇಳಿದ. ಮಾತು ಕೇಳುವುದೇ ಮೌಲ್ಯವೆಂದು ಕಲಿಸಿದರೆ ಏನಾಗುತ್ತದೆ ಎಂಬ ಚರ್ಚೆ ದೇಶದಲ್ಲೆಲ್ಲ ನಡೆಯಿತು.

ಸ್ವಲ್ಪ ನಗು ತರಿಸುವ ಪ್ರಸಂಗವೂ ಇದೆ. 2017ರಲ್ಲಿ ಪಠ್ಯ ಪರಿಶೀಲನೆಯ ವೇಳೆ 1ನೇ ತರಗತಿಯ ಪುಸ್ತಕವೊಂದಕ್ಕೆ ನಾಡಿನ ಪರಂಪರೆ, ಸಂಸ್ಕೃತಿಯ ಬಗೆಗಿನ ಅಂಶ ಸಾಲದು ಎಂಬ ಟಿಪ್ಪಣಿ ಬಂತು. ಪ್ರಕಾಶಕರು ಕತೆಯಲ್ಲಿದ್ದ ಬ್ರೆಡ್ ಅಂಗಡಿಯನ್ನು ತೆಗೆದು ಸಾಂಪ್ರದಾಯಿಕ ಸಿಹಿತಿಂಡಿ ಅಂಗಡಿ ಮಾಡಿದರು. ಬ್ರೆಡ್ ಮಾರುವವರಿಗೆ ದೇಶಪ್ರೇಮ ಇಲ್ಲವೇ ಎಂದು ಬೇಕರಿಯವರು ಕೇಳಿದ್ದು ಸಹಜವೇ.

ಅಂಕದ ವಿಚಾರದಲ್ಲಿ ಮಾತ್ರ ಜಪಾನ್ ಎಚ್ಚರ ವಹಿಸಿದೆ. ದೋತೊಕುವಿಗೆ ಸಂಖ್ಯೆಯ ಗ್ರೇಡ್ ಇಲ್ಲ. ಮಗು ಹೇಗೆ ಯೋಚಿಸಿತು, ಎಷ್ಟು ಬೆಳೆಯಿತು ಎಂದು ಶಿಕ್ಷಕರು ಎರಡು ಸಾಲು ಬರೆಯುತ್ತಾರೆ. ಬೇರೆ ಮಗುವಿನೊಂದಿಗೆ ಹೋಲಿಸುವಂತಿಲ್ಲ, ಹೈಸ್ಕೂಲ್ ಪ್ರವೇಶಕ್ಕೆ ಬಳಸುವಂತಿಲ್ಲ. ಪ್ರಾಮಾಣಿಕತೆಗೆ 100ಕ್ಕೆ 82 ಅಂಕ ಕೊಟ್ಟರೆ ಮಕ್ಕಳು ಕಲಿಯುವುದು ನಟನೆಯನ್ನು, ಅದು ಅವರಿಗೆ ಗೊತ್ತಿದೆ.

ಹಾಗಾದರೆ ಅಲ್ಲಿನ ಮಕ್ಕಳು ನೆಮ್ಮದಿಯಾಗಿದ್ದಾರೆಯೇ?

ಫಾರ್ವರ್ಡ್‌ಗಳು ಇಲ್ಲಿ ಪೂರ್ತಿ ಮೌನ. ಯುನಿಸೆಫ್ 2020ರಲ್ಲಿ 38 ಶ್ರೀಮಂತ ದೇಶಗಳ ಮಕ್ಕಳ ಸ್ಥಿತಿಯನ್ನು ಹೋಲಿಸಿತು. ದೈಹಿಕ ಆರೋಗ್ಯದಲ್ಲಿ ಜಪಾನ್ ಮೊದಲ ಸ್ಥಾನ. ಮಾನಸಿಕ ಯೋಗಕ್ಷೇಮದಲ್ಲಿ 37ನೇ ಸ್ಥಾನ, ಅಂದರೆ ಕೊನೆಯಿಂದ ಎರಡನೆಯದು.

ಜಪಾನಿನ ಶಿಕ್ಷಣ ಸಚಿವಾಲಯದ ಪ್ರಕಾರ 2023-24ರಲ್ಲಿ ಶಾಲೆಗಳು ಗುರುತಿಸಿದ ಕಿರುಕುಳ ಪ್ರಕರಣಗಳು 7,32,568. ವರ್ಷಕ್ಕೆ 30 ದಿನ ಅಥವಾ ಅದಕ್ಕಿಂತ ಹೆಚ್ಚು ಶಾಲೆಯಿಂದ ದೂರ ಉಳಿದ, 9ನೇ ತರಗತಿಯೊಳಗಿನ ಮಕ್ಕಳು 3,46,482. 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ಶಾಲಾ ಮಕ್ಕಳ ಸಂಖ್ಯೆ 514.

ಈ ಅಂಕಿಗಳನ್ನು ಕತ್ತರಿಸಿ "ಜಪಾನಿನ ಬಣ್ಣ ಬಯಲು" ಎಂದು ಇನ್ನೊಂದು ಫಾರ್ವರ್ಡ್ ಮಾಡಬೇಡಿ, ದಯವಿಟ್ಟು. ಕಿರುಕುಳದ ಸಂಖ್ಯೆ ಇಷ್ಟು ದೊಡ್ಡದಾಗಲು ಒಂದು ಕಾರಣ 2013ರ ಕಾಯ್ದೆಯ ವ್ಯಾಖ್ಯೆ. ಸಹಪಾಠಿಯ ವರ್ತನೆಯಿಂದ ಮಗುವಿಗೆ ನೋವಾಗಿದ್ದರೆ ಅದು ಕಿರುಕುಳವೇ, ಹೊಡೆದವನ ಉದ್ದೇಶ ಏನೇ ಇರಲಿ. ಸಣ್ಣ ಜಗಳವನ್ನೂ ಬರೆದಿಡಿ ಎಂದು ಸಚಿವಾಲಯವೇ ಹೇಳುತ್ತದೆ. ಸಂಖ್ಯೆ ಏರಿದ್ದು ಶಾಲೆಗಳು ಕಣ್ಣು ತೆರೆದದ್ದರ ಗುರುತೂ ಹೌದು. ನಮ್ಮಲ್ಲಿ ಹೀಗೆ ಎಣಿಸುವ ಪದ್ಧತಿಯೇ ಇಲ್ಲ. ಭಾರತದ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ಜನಸಂಖ್ಯೆ ಬೇರೆ, ಕಾಲೇಜು ವಿದ್ಯಾರ್ಥಿಗಳೂ ಇದರಲ್ಲಿದ್ದಾರೆ, ಹಾಗಾಗಿ ಜಪಾನಿನ ಅಂಕಿಯ ಪಕ್ಕ ಇಟ್ಟು ಅಳೆಯಲಾಗದು.

(ನಿಮಗಾಗಲಿ, ಮನೆಯ ಮಗುವಿಗಾಗಲಿ ಬದುಕು ಸಾಕೆನಿಸುವಷ್ಟು ಸಂಕಟವಿದ್ದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.)

ಪಾಠ ಮಾಡಿದರೆ ಮೌಲ್ಯ ಬರುತ್ತದೆಯೇ?

ಇದು ಹೊಸ ಪ್ರಶ್ನೆಯಲ್ಲ. 1920ರ ದಶಕದಲ್ಲಿ ಅಮೆರಿಕದ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು ಸಂಶೋಧಕರು ಸುಮಾರು 11 ಸಾವಿರ ಮಕ್ಕಳಿಗೆ ಮೋಸ ಮಾಡಲು ಅವಕಾಶವಿರುವ ಸನ್ನಿವೇಶಗಳನ್ನು ಒಡ್ಡಿ ನೋಡಿದರು. ನೀತಿಯ ಬಗ್ಗೆ ಚೆನ್ನಾಗಿ ಉತ್ತರಿಸುವ ಮಕ್ಕಳು ಮೋಸ ಕಡಿಮೆ ಮಾಡುತ್ತಾರೆ ಎಂದೇನೂ ಕಾಣಲಿಲ್ಲ. ಒಂದು ಕಡೆ ಪ್ರಾಮಾಣಿಕನಾಗಿದ್ದ ಮಗು ಇನ್ನೊಂದು ಕಡೆ ಕದ್ದು ನೋಡಿ ಬರೆಯುತ್ತಿತ್ತು. ಸನ್ನಿವೇಶ, ಜೊತೆಗಿರುವವರು, ಸಿಕ್ಕಿಬೀಳುವ ಭಯ, ಇವೇ ಹೆಚ್ಚು ಲೆಕ್ಕಕ್ಕೆ ಬಂದವು.

ಉಪದೇಶದ ಬದಲು ಕೌಶಲ ಅಭ್ಯಾಸ ಮಾಡಿಸಿದರೆ ಫಲ ಬೇರೆ. ಸಿಟ್ಟು ಬಂದಾಗ ಏನು ಮಾಡುವುದು, ಜಗಳ ಹೇಗೆ ಬಿಡಿಸುವುದು ಎಂಬಂಥವನ್ನು ಹಂತಹಂತವಾಗಿ ಮಾಡಿಸುವ 213 ಕಾರ್ಯಕ್ರಮಗಳನ್ನು ಒಟ್ಟು ಸೇರಿಸಿ ನೋಡಿದ 2011ರ ವಿಶ್ಲೇಷಣೆಯಲ್ಲಿ ಮಕ್ಕಳ ನಡವಳಿಕೆ ಮಾತ್ರವಲ್ಲ, ಓದೂ ಸುಧಾರಿಸಿದ್ದು ಕಂಡಿತು. ಹಾಗೆಂದು ಯಾವುದೇ ಕಾರ್ಯಕ್ರಮ ತಂದರೂ ಕೆಲಸ ಮಾಡುತ್ತದೆ ಎಂದಲ್ಲ. ಬ್ರಿಟನ್ನಿನ 85 ಶಾಲೆಗಳ 8 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು, ಅವುಗಳಲ್ಲಿ ಸುಮಾರು ಅರ್ಧದಷ್ಟು ಶಾಲೆಗಳಲ್ಲಿ ಧ್ಯಾನದ ಮಾದರಿಯ 'ಮೈಂಡ್‌ಫುಲ್‌ನೆಸ್' ಪಾಠ ಮಾಡಿದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಮಾಮೂಲಿ ಶಾಲೆಗಳ ಮಕ್ಕಳಿಗೂ ಇವರಿಗೂ ಮಾನಸಿಕ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೇ ಇಲ್ಲ. ದೆಹಲಿ ಸರ್ಕಾರ 2018ರಲ್ಲಿ ದಲೈ ಲಾಮಾ ಅವರಿಂದ ಉದ್ಘಾಟಿಸಿ ತಂದ ಪರೀಕ್ಷೆಯಿಲ್ಲದ 'ಸಂತೋಷ ಪಠ್ಯಕ್ರಮ'ವನ್ನೂ ಈ ಕಣ್ಣಿನಿಂದಲೇ ನೋಡಬೇಕು. ಆಲೋಚನೆ ಒಳ್ಳೆಯದು, ಎಲ್ಲ ನಿಂತಿದ್ದುದು ತರಗತಿಯಲ್ಲಿ ಅದು ಹೇಗೆ ನಡೆಯಿತು ಎಂಬುದರ ಮೇಲೆ.

"ಅವರು ಮಾಡಿದರೆ ಸಂಸ್ಕಾರ, ನಾವು ಮಾಡಿಸಿದರೆ ಕೇಸ್"

ಈ ಫಾರ್ವರ್ಡ್‌ಗೆ ಇತ್ತೀಚೆಗೆ ಒಂದು ಬಾಲ ಅಂಟಿಕೊಂಡಿದೆ. ಜಪಾನಿನ ಮಕ್ಕಳು ಶಾಲೆ ತೊಳೆದರೆ ಹೊಗಳುತ್ತೀರಿ, ನಮ್ಮ ಮೇಷ್ಟ್ರು ಮಾಡಿಸಿದರೆ ಸಸ್ಪೆಂಡ್ ಮಾಡುತ್ತೀರಿ ಎಂದು. ನಾನು ಇಷ್ಟುದ್ದ ಬರೆದದ್ದು ಮುಖ್ಯವಾಗಿ ಇದಕ್ಕೆ.

2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛಗೊಳಿಸಿದ್ದು ಬೆಳಕಿಗೆ ಬಂತು. ಅವರಲ್ಲಿ ದಲಿತ ಮಕ್ಕಳಿದ್ದರು. ಅದೇ ಹೊತ್ತಿಗೆ ಇನ್ನೂ ಕೆಲವು ಶಾಲೆಗಳಿಂದ ಮಕ್ಕಳು ಶೌಚಾಲಯ ತೊಳೆಯುವ ವಿಡಿಯೊಗಳು ಬಂದವು, ಮಕ್ಕಳಿಂದ ಶೌಚಾಲಯ ತೊಳೆಸಬಾರದೆಂದು ಇಲಾಖೆ ಸುತ್ತೋಲೆ ಹೊರಡಿಸಿತು. ಮಲದ ಗುಂಡಿಗೆ ದೊಡ್ಡವರನ್ನು ಇಳಿಸುವುದೇ 2013ರ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳನ್ನು ಇಳಿಸುವುದಕ್ಕೂ ಜಪಾನಿನ ಒರೆಸುವ ಬಟ್ಟೆಗೂ ಸಂಬಂಧವೇ ಇಲ್ಲ.

ಗುಂಡಿಯ ಮಾತು ಬಿಡಿ, ಬರೀ ಪೊರಕೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಸರದಿ ಪಟ್ಟಿ ಗೋಡೆಯ ಮೇಲಿರುತ್ತದೆ. ವೈದ್ಯರ ಮಗಳೂ ಅಂಗಡಿಯವನ ಮಗನೂ ಅದರಲ್ಲಿರುತ್ತಾರೆ. ಗುಡಿಸುವುದು ತಡವಾಗಿ ಬಂದದ್ದಕ್ಕೆ ಶಿಕ್ಷೆಯಲ್ಲ. ನಮ್ಮಲ್ಲಿ ಪೊರಕೆ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಎಷ್ಟೋ ಸಲ ಮಗುವಿನ ಜಾತಿ ತೀರ್ಮಾನಿಸುತ್ತದೆ. ಹುಡುಗಿಯರಿಗೆ ಕಸ, ಹುಡುಗರಿಗೆ ಆಟದ ಮೈದಾನ ಎಂಬುದಂತೂ ನಾನೇ ಕಂಡದ್ದು. ದಲಿತ ಮಹಿಳೆ ಬೇಯಿಸಿದ ಬಿಸಿಯೂಟ ಬೇಡವೆಂದ ಊರುಗಳ ಸುದ್ದಿಯನ್ನೂ ನಾವು ಓದಿದ್ದೇವೆ.

ಜಪಾನ್ ಇಂಥದ್ದರಿಂದ ಪೂರ್ತಿ ಮುಕ್ತ ಎಂದೂ ತಿಳಿಯಬೇಡಿ. ಚರ್ಮದ ಕೆಲಸ, ಕಸಾಯಿ ಕೆಲಸ ಮಾಡುತ್ತಿದ್ದ 'ಬುರಾಕು' ಸಮುದಾಯದವರನ್ನು ಅಲ್ಲಿಯೂ ಅಶುದ್ಧರೆಂದು ದೂರ ಇಟ್ಟಿದ್ದರು. 1871ರಲ್ಲಿ ಆ ಭೇದ ಕಾನೂನಿನಿಂದ ಹೋದರೂ ಮದುವೆ, ಕೆಲಸದ ವಿಷಯದಲ್ಲಿ ಉಳಿಯಿತು. ಅದರ ವಿರುದ್ಧ ಮತ್ತೊಂದು ಕಾಯ್ದೆಯನ್ನು ಅವರು 2016ರಲ್ಲಿ ತರಬೇಕಾಯಿತು.

ಇಷ್ಟನ್ನೂ ಒಂದು ಸಂಜೆ ಮಾವನಿಗೆ ಫೋನಿನಲ್ಲಿ ಹೇಳಿದೆ. ಪರೀಕ್ಷೆಯ ಮಾತು ಸುಳ್ಳೆಂದಾಗ ಅವರಿಗೆ ಸ್ವಲ್ಪ ಬೇಸರವಾಯಿತು. ಒತ್ಸು ಹುಡುಗನ ವಿಷಯಕ್ಕೆ ಸುಮ್ಮನಾದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಮೇಷ್ಟ್ರೂ ಮಕ್ಕಳ ಜೊತೆ ಗುಡಿಸ್ತಾರಾ?"

"ಬಹಳ ಕಡೆ ಗುಡಿಸ್ತಾರೆ ಮಾವ" ಎಂದೆ.

"ಮೂವತ್ತೊಂದು ವರ್ಷ ಪಾಠ ಮಾಡ್ದೆ, ಒಂದಿನಾನೂ ಪೊರಕೆ ಹಿಡೀಲಿಲ್ಲ ನೋಡು" ಎಂದರು. ಗ್ರೂಪಿನಲ್ಲಿದ್ದ ವಿಡಿಯೊವನ್ನು ಅವರು ಅಳಿಸಿಲ್ಲ. ಬರಹವನ್ನು ಮಾತ್ರ ಅಳಿಸಿದ್ದಾರೆ.